ಅಗ್ಗದ ಚಾಕು: ಎಲ್ಲಿ ಕತ್ತರಿ ಹಾಕಿದ್ದಾರೆ?

(1/9)
ಎರಡು ಮಡಚುವ ಚಾಕು ನಿಮ್ಮ ಮುಂದೆ ಇವೆ ಅಂದ್ಕೊಳ್ಳಿ. ಎರಡಕ್ಕೂ ಮರದ ಹಿಡಿ. ಎರಡೂ ಫಳಫಳ ಹೊಳೀತಿವೆ. ಎರಡರ ಬೆಲೆಯೂ ಕಡಿಮೆ. ಒಂದು ಇಪ್ಪತ್ತು ವರ್ಷ ಆದ್ಮೇಲೂ ಮಾವಿನಕಾಯಿ ಹೆಚ್ಚುತ್ತೆ. ಇನ್ನೊಂದು ಎರಡನೇ ವಾರಕ್ಕೇ ಬುಡದಲ್ಲಿ ಲೊಡಲೊಡ ಅನ್ನುತ್ತೆ. ಅಂಗಡಿಯಲ್ಲಿ ನಿಂತ್ಕೊಂಡು ಯಾವುದು ಎಂಥದ್ದು ಅಂತ ಹೇಗೆ ಹೇಳ್ತೀರಾ?

ಬೆಲೆ ನೋಡಿ ಹೇಳೋಕಾಗಲ್ಲ, ಎರಡೂ ಒಂದೇ. ಹೊಳಪು ನೋಡಿ ಹೇಳೋಕಾಗಲ್ಲ, ಹೊಳಪು ಕೊಡೋದು ಬಹಳ ಸುಲಭದ ಕೆಲಸ. ಅಲಗಿನ ಮೇಲಿನ ಹೆಸರು ನೋಡಿ ಹೇಳಬಹುದಾ? ಅದರದ್ದೇ ಒಂದು ದೊಡ್ಡ ಕಥೆ ಇದೆ, ಬರ್ತೀನಿ.

ಈ ಸರಣಿ ಪೂರ್ತಿ ಒಂದೇ ಪ್ರಶ್ನೆ ಹಿಡ್ಕೊಂಡು ಹೋಗುತ್ತೆ. ಒಂದು ವಸ್ತು ಅಗ್ಗ ಅಂದ್ರೆ ಅದು ಕೆಟ್ಟದ್ದು ಅಂತ ಅರ್ಥ ಅಲ್ಲ. ಯಾವುದೋ ಒಂದು ಖರ್ಚಿಗೆ ಕತ್ತರಿ ಹಾಕಿದ್ದಾರೆ ಅಂತ ಅರ್ಥ. ಎಲ್ಲಿ ಹಾಕಿದ್ದಾರೆ? ಬಿಡಿಭಾಗಗಳಿಗಾ? ಉಕ್ಕಿನ ಹದಕ್ಕಾ? ಅಥವಾ ಮಾಡಿದವನ ಆಯಸ್ಸಿಗಾ? ಈ ಮೂರೂ ಇತಿಹಾಸದಲ್ಲಿ ನಡೆದಿವೆ. ಸ್ವೈಪ್ ಮಾಡ್ತಾ ಹೋಗಿ.

(2/9) ಮುದ್ರೆಯ ಊರು
ಮೊದಲು ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗೋಣ. ಸುತ್ತ ಗುಡ್ಡ, ಗುಡ್ಡದಿಂದ ಇಳಿಯೋ ತೊರೆಗಳು. ಆ ನೀರಿನ ಬಲದಿಂದ ಸಾಣೆಚಕ್ರ ತಿರುಗ್ತಿತ್ತು. ಸಾಣೆಗೆ ಬೇಕಾದ ಮರಳುಗಲ್ಲೂ ಅಲ್ಲೇ ಸಿಗ್ತಿತ್ತು. 14ನೇ ಶತಮಾನದ ಕವಿ ಚಾಸರ್ ತನ್ನ ಒಂದು ಕಥೆಯಲ್ಲಿ ಗಿರಣಿಯವನ ಹತ್ರ ಶೆಫೀಲ್ಡ್ ಚಾಕು ಇತ್ತು ಅಂತ ಬರೀತಾನೆ. ಅಂದ್ರೆ ಆಗಲೇ ಊರಿನ ಹೆಸರು ಹೇಳಿದ್ರೆ ಚಾಕು ನೆನಪಾಗ್ತಿತ್ತು.

ಹೆಸರು ಬಂದ ಕಡೆ ಅದನ್ನ ಕಾಯೋ ಕೆಲಸವೂ ಬರುತ್ತೆ. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಮೂಲಕ ಅಲ್ಲಿನ ಚಾಕು ಮಾಡುವವರ ಸಂಘ ಹುಟ್ಟಿತು: ‘ಕಂಪನಿ ಆಫ್ ಕಟ್ಲರ್ಸ್ ಇನ್ ಹಾಲಮ್‌ಶೈರ್’. ಹಾಲಮ್‌ಶೈರ್ ಅಂದ್ರೆ ಶೆಫೀಲ್ಡ್ ಸುತ್ತಲಿನ ಸೀಮೆ. ಪ್ರತಿ ಯಜಮಾನನಿಗೂ ತನ್ನದೇ ಒಂದು ಮುದ್ರೆ. ಅದನ್ನ ಸಂಘದಲ್ಲಿ ನೋಂದಾಯಿಸಬೇಕು, ಅಲಗಿನ ಮೇಲೆ ಒತ್ತಬೇಕು. ಕಳಪೆ ಮಾಲು ಮಾಡಿದ್ರೆ ಯಾರು ಮಾಡಿದ್ದು ಅಂತ ಗೊತ್ತಾಗುತ್ತೆ.

ಯೋಚನೆ ಮಾಡಿ ನೋಡಿ. ಉಕ್ಕಿನ ಒಳಗುಣ ಕಣ್ಣಿಗೆ ಕಾಣಲ್ಲ. ಕೊಳ್ಳುವವನಿಗೆ ಕಾಣದ್ದನ್ನ ಮಾಡಿದವನ ಮಾನ ಕಾಯಬೇಕು. ಮುದ್ರೆ ಅಂದ್ರೆ ಅಷ್ಟೇ.

(3/9) ಟಕ್ ಅನ್ನೋ ಸದ್ದು
ಹಳೇ ಕಾಲದ ಮಡಚುವ ಚಾಕು ಬರೀ ಒಂದು ಮೊಳೆ ಮೇಲೆ ತಿರುಗೋ ಅಲಗು. ತೆರೆದಾಗ ನಿಲ್ಲೋಕೆ ಏನೂ ಇಲ್ಲ, ಉಜ್ಜಾಟದ ಬಿಗಿಯೊಂದೇ ಆಧಾರ. ರೋಮನ್ನರ ಕಾಲದ ಇಂಥ ಚಾಕುಗಳು ಇವತ್ತೂ ಮ್ಯೂಸಿಯಂಗಳಲ್ಲಿವೆ.

ಆಮೇಲೆ ಹಿಡಿಯ ಬೆನ್ನಿಗೆ ಒಂದು ಉಕ್ಕಿನ ಪಟ್ಟಿ ಬಂತು. ಅದೇ ಬೆನ್ನಿನ ಸ್ಪ್ರಿಂಗ್. ಅಲಗಿನ ಬುಡವನ್ನ ಅದು ಸದಾ ಒತ್ತಿ ಹಿಡಿದಿರುತ್ತೆ. ತೆರೆದಾಗ ಟಕ್, ಮಡಚಿದಾಗ ಟಕ್. ಬೀಗ ಇಲ್ಲ, ಆದ್ರೂ ಅಲಗು ತಾನಾಗಿ ಮಡಚಿಕೊಳ್ಳಲ್ಲ. ಶೆಫೀಲ್ಡ್ ಜೇಬುಚಾಕುಗಳ ಜೀವ ಇರೋದೇ ಈ ಸ್ಪ್ರಿಂಗಿನಲ್ಲಿ. ಅಲಗಿನ ಬುಡ, ಸ್ಪ್ರಿಂಗಿನ ತುದಿ ಎರಡನ್ನೂ ಅರ ಹಾಕಿ ಹೊಂದಿಸೋದು ಕೈ ಪಳಗಿದವನ ಕೆಲಸ. ಕೂದಲೆಳೆ ಜಾಸ್ತಿ ಅರ ಹಾಕಿದ್ರೆ ಅಲಗು ಅಲ್ಲಾಡುತ್ತೆ, ಕಡಿಮೆ ಆದ್ರೆ ಸರಿಯಾಗಿ ಕೂರಲ್ಲ.

ಈಗ ಕತ್ತರಿ ಪ್ರಶ್ನೆಗೆ ಬನ್ನಿ. ಬಾರ್ಲೋ ಅನ್ನೋ ಅಗ್ಗದ ಚಾಕು ಶೆಫೀಲ್ಡ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಮನೆಮಾತಾಯಿತು. ಅದರಲ್ಲಿ ಅಲಂಕಾರ ಅನ್ನೋದೇ ಇಲ್ಲ. ಹಿಡಿಗೆ ಸಾದಾ ಮೂಳೆ. ಆದ್ರೆ ಅಲಗು ತಿರುಗೋ ಕಡೆ ಮಾತ್ರ ಉದ್ದನೆಯ ಕಬ್ಬಿಣದ ತೋಡು, ಯಾಕಂದ್ರೆ ಚಾಕು ಮೊದಲು ಸೋಲೋದೇ ಅಲ್ಲಿ. ಅಂದಕ್ಕೆ ಕತ್ತರಿ ಹಾಕಿದ್ರು, ಗಟ್ಟಿತನಕ್ಕೆ ಹಾಕಲಿಲ್ಲ. ಇದು ಸರಿಯಾದ ಅಗ್ಗ.

(4/9) ನಮ್ಮ ಉಕ್ಕು, ಲಂಡನ್ನಿನ ಚಾಕು
ಇಲ್ಲಿ ನಮ್ಮ ಕಡೆಯ ಒಂದು ಎಳೆ ಬರುತ್ತೆ. ಕಾಣದ ಗುಣ ಅಂದೆನಲ್ಲ, ಅದು ಏನು ಅಂತ ಇದರಿಂದ ಚೆನ್ನಾಗಿ ಗೊತ್ತಾಗುತ್ತೆ.

ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣ, ಗಿಡದ ಕಡ್ಡಿ, ಎಲೆ ಇಟ್ಟು, ಬಾಯಿ ಮುಚ್ಚಿ, ಇದ್ದಲ ಬೆಂಕಿಯಲ್ಲಿ ಕಾಯಿಸಿ ಉಕ್ಕು ಮಾಡ್ತಿದ್ರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕೆಲಸವನ್ನ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಇಂಗ್ಲಿಷರು ಈ ಉಕ್ಕನ್ನ ‘ವೂಟ್ಜ್’ ಅಂತ ಕರೆದ್ರು. ಅದು ನಮ್ಮ ‘ಉಕ್ಕು’ ಪದದಿಂದಲೇ ಬಂತು ಅನ್ನೋದು ವಿದ್ವಾಂಸರಲ್ಲಿ ಬಹಳ ಜನ ಒಪ್ಪೋ ಮಾತು.

1794ರಲ್ಲಿ ಬಾಂಬೆಯಿಂದ ಹೆಲೆನಸ್ ಸ್ಕಾಟ್ ಅನ್ನೋ ವೈದ್ಯ ಇದರ ಗಟ್ಟಿಗಳನ್ನ ಲಂಡನ್ನಿನ ರಾಯಲ್ ಸೊಸೈಟಿ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಅದರಲ್ಲಿ ಮಾಡಿದ್ದು ಏನು ಗೊತ್ತಾ? ಕತ್ತಿಯಲ್ಲ, ಗುರಾಣಿಯಲ್ಲ. ಒಂದು ಪುಟ್ಟ ಪೆನ್‌ನೈಫ್! ಗರಿಯ ಲೇಖನಿ ಚೂಪು ಮಾಡೋ ಚಾಕು. 1795ರಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಪ್ರಸ್ತಾಪ ಇದೆ.

ಗಮನಿಸಬೇಕಾದ್ದು ಇದು. ಯುರೋಪಿನ ಕಮ್ಮಾರರು ತಮಗೆ ರೂಢಿಯಿದ್ದ ಹಾಗೆ ಜೋರಾಗಿ ಕಾಯಿಸಿ ಬಡಿದ್ರೆ ಈ ಉಕ್ಕು ಪುಡಿಪುಡಿ ಆಗ್ತಿತ್ತು. ಸ್ಟೋಡಾರ್ಟ್ ಅದನ್ನ ಬಡಿದದ್ದು ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂಕು ಕೆಂಪು ಕಾವಿನಲ್ಲಿ. ಅದೇ ಉಕ್ಕು, ಕಾವು ತಪ್ಪಿದ್ರೆ ಪುಡಿ, ಕಾವು ಸರಿಯಾದ್ರೆ ಜಗತ್ತಿಗೇ ಮೇಲು.

ಇದಕ್ಕೆ ನಮ್ಮಲ್ಲಿ ಒಂದೇ ಪದ ಇದೆ: ಹದ. ಅಲಗನ್ನ ಕೆಂಪಗೆ ಕಾಯಿಸಿ ತಟ್ಟಂತ ತಣಿಸಿದ್ರೆ ಗಾಜಿನ ಹಾಗೆ ಗಡಸಾಗುತ್ತೆ, ಬಿದ್ರೆ ಮುರಿಯುತ್ತೆ. ಆಮೇಲೆ ಮತ್ತೆ ನಿಧಾನಕ್ಕೆ ಇನ್ನೂರು ಇನ್ನೂರೈವತ್ತು ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡ್ತಾರೆ. ಉಜ್ಜಿ ಬೆಳ್ಳಗಾದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತೆ. ಆಗ ನಿಲ್ಲಿಸಿದ್ರೆ ಚಾಕುವಿನ ಹದ. ನೀಲಿಗೆ ತಿರುಗುವವರೆಗೂ ಬಿಟ್ರೆ ಅದು ಸ್ಪ್ರಿಂಗಿನ ಹದ. ಅಂದ್ರೆ ಒಂದೇ ಜೇಬುಚಾಕುವಿನೊಳಗೆ ಎರಡು ಬೇರೆ ಬೇರೆ ಹದ ಇರ್ತವೆ.

(5/9) ಯಾರ ಆಯಸ್ಸು?
ಈ ಪುಟ ಸ್ವಲ್ಪ ಭಾರ. ಆದ್ರೆ ಬಿಟ್ಟು ಹೋಗಬೇಡಿ.

ಶೆಫೀಲ್ಡ್ ಚಾಕು ಅಗ್ಗವಾಗಿ, ಚೆನ್ನಾಗಿ, ಪ್ರಪಂಚಕ್ಕೆಲ್ಲ ಹೋಗ್ತಿದ್ದಾಗ ಸಾಣೆಚಕ್ರದ ಮೇಲೆ ಬಗ್ಗಿ ಕೂತವರ ಎದೆಯೊಳಗೆ ಕಲ್ಲಿನ ದೂಳು ಹೋಗ್ತಿತ್ತು. ‘ಸಾಣೆಯವರ ಉಬ್ಬಸ’ ಅಂತ ಕರೀತಿದ್ರು. ಇವತ್ತಿನ ಭಾಷೆಯಲ್ಲಿ ಸಿಲಿಕೋಸಿಸ್. ಆ ಊರಿನ ವೈದ್ಯ ಅರ್ನಾಲ್ಡ್ ನೈಟ್ ಕೊಟ್ಟ ಲೆಕ್ಕವನ್ನ ಏಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಎತ್ತಿ ಹೇಳ್ತಾನೆ: ಒಣಕಲ್ಲಿನ ಮೇಲೆ ಕೆಲಸ ಮಾಡುವವರ ಸರಾಸರಿ ಆಯಸ್ಸು 35 ದಾಟೋದೇ ಕಷ್ಟ, ಒದ್ದೆ ಕಲ್ಲಿನವರದ್ದು 45 ದಾಟೋದು ಅಪರೂಪ. ಫೋರ್ಕ್ ಮಾಡುವವರದ್ದು ಪೂರ್ತಿ ಒಣಕಲ್ಲು, ಅವರದ್ದು ಎಲ್ಲರಿಗಿಂತ ಕೆಟ್ಟ ಪಾಡು.

ದೂಳು ಎಳೆದು ಹೊರಗೆ ಹಾಕೋ ಫ್ಯಾನಿನ ಉಪಾಯ ಆಗಲೇ ಗೊತ್ತಿತ್ತು. ಎಷ್ಟೋ ಕಡೆ ಹಾಕಿಸಲಿಲ್ಲ. ಕಾರಣ ಹೇಳಬೇಕಿಲ್ಲ ಅಲ್ವಾ?

ಆ ಚಾಕುಗಳು ಕಳಪೆ ಅಲ್ಲ. ಎಷ್ಟೋ ಇವತ್ತಿಗೂ ಕೊಯ್ತವೆ. ಆದ್ರೆ ಕತ್ತರಿ ಬಿದ್ದಿದ್ದು ಎಲ್ಲಿ ಅಂತ ಅಲಗು ಹಿಡಿದು ಎಷ್ಟು ನೋಡಿದ್ರೂ ಕಾಣಲ್ಲ. ಕೆಲವು ವಸ್ತುಗಳ ನಿಜವಾದ ಬೆಲೆ ಅದರ ಮೇಲೆ ಬರೆದಿರಲ್ಲ. ಇದು ಚಾಕುವಿಗೆ ಮಾತ್ರ ಅನ್ವಯ ಆಗೋ ಮಾತಲ್ಲ, ನೀವು ಹಾಕಿರೋ ಟೀಶರ್ಟಿಗೂ ಆಗುತ್ತೆ.

(6/9) ನಕಲಿ ಕಥೆ
ಮುದ್ರೆಗೆ ಬೆಲೆ ಬಂದ ಮೇಲೆ ಅದನ್ನ ಕದಿಯುವವರೂ ಬರ್ತಾರೆ.

19ನೇ ಶತಮಾನದಲ್ಲಿ ಜರ್ಮನಿಯ ಸೋಲಿಂಗೆನ್‌ನಲ್ಲೂ ದೊಡ್ಡ ಚಾಕು ಉದ್ಯಮ ಇತ್ತು. ಅಲ್ಲಿನ ಕೆಲವರು ಅಗ್ಗದ ಮಾಲಿನ ಮೇಲೆ ಶೆಫೀಲ್ಡ್ ಹೆಸರು ಒತ್ತಿ ಮಾರ್ತಿದ್ದಾರೆ ಅಂತ ಶೆಫೀಲ್ಡ್‌ನವರು ಬೊಬ್ಬೆ ಹಾಕಿದ್ರು. ಇಂಥ ದೂರುಗಳಿಂದಲೇ ಬ್ರಿಟನ್ 1887ರಲ್ಲಿ ಸರಕಿನ ಗುರುತುಗಳ ಕಾಯ್ದೆ ತಂತು. ಪರದೇಶದ ಮಾಲು ಇಂಗ್ಲಿಷ್ ಹೆಸರು ಹೊತ್ತು ಬರೋ ಹಾಗಿಲ್ಲ, ಬಂದ್ರೆ ಎಲ್ಲಿ ಮಾಡಿದ್ದು ಅಂತ ಬರೀಬೇಕು. ‘ಮೇಡ್ ಇನ್ ಜರ್ಮನಿ’ ಅನ್ನೋದು ಶುರುವಿನಲ್ಲಿ ಎಚ್ಚರಿಕೆಯ ಹಣೆಪಟ್ಟಿ. ಮುಂದೆ ಏನಾಯ್ತು? ಜರ್ಮನಿಯ ಮಾಲು ಒಳ್ಳೇದಾಗ್ತಾ ಹೋಯ್ತು, ಹಣೆಪಟ್ಟಿಯೇ ಹೆಮ್ಮೆ ಆಯ್ತು. 1938ರ ಹೊತ್ತಿಗೆ ಸೋಲಿಂಗೆನ್ ಅನ್ನೋ ಹೆಸರನ್ನ ಬೇರೆಯವರು ಬಳಸದ ಹಾಗೆ ಜರ್ಮನಿಯೇ ಕಾನೂನು ಮಾಡಬೇಕಾಯ್ತು!

ಮಾರ್ಕ್ ಟ್ವೇನ್‌ಗೆ ಈ ನಕಲಿ ಗಲಾಟೆ ಗೊತ್ತಿತ್ತು. 1876ರ ‘ಟಾಮ್ ಸಾಯರ್’ ಕಾದಂಬರಿಯಲ್ಲಿ ಟಾಮ್‌ಗೆ ಹನ್ನೆರಡೂವರೆ ಸೆಂಟಿನ ಬಾರ್ಲೋ ಚಾಕು ಉಡುಗೊರೆ ಸಿಗುತ್ತೆ. ಹುಡುಗನಿಗೆ ಕುಣಿದಾಡುವಷ್ಟು ಖುಷಿ. ಆ ಚಾಕು ಏನನ್ನೂ ಕೊಯ್ಯಲ್ಲ, ಆದ್ರೆ ಅಸಲಿ ಬಾರ್ಲೋ. ಇಷ್ಟು ಕೆಟ್ಟ ಚಾಕುವಿಗೂ ನಕಲು ಇರುತ್ತೆ, ಅದು ಇದಕ್ಕಿಂತ ಕೆಟ್ಟದಾಗಿರುತ್ತೆ ಅಂತ ಹುಡುಗರು ಹೇಗೆ ನಂಬಿದ್ರೋ ಅಂತ ಟ್ವೇನ್ ಕಾಲೆಳೀತಾನೆ.

ನಗು ಬರುತ್ತೆ. ಆದ್ರೆ ವಿಷಯ ಗಟ್ಟಿ. ಅಸಲಿ ಆಗಿರೋದು ಬೇರೆ, ಒಳ್ಳೇದಾಗಿರೋದು ಬೇರೆ. ಮುದ್ರೆ ಒಂದು ಸಾಕ್ಷಿ ಅಷ್ಟೇ, ತೀರ್ಪು ಅಲ್ಲ.

(7/9) ಐದೇ ಭಾಗ
ಈಗ ಆಲ್ಪ್ಸ್ ಬೆಟ್ಟಕ್ಕೆ. ಫ್ರಾನ್ಸಿನ ಸವಾಯ್ ಸೀಮೆ, ಆಲ್ಬಿಯೇ ಅನ್ನೋ ಹಳ್ಳಿ ಕಡೆ. ಕೊಡಲಿ, ಕುಡುಗೋಲು ಮಾಡೋ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆ ಅಂತ ಒಂದು ಜೇಬುಚಾಕು ಮಾಡಿದ. ಆಗ ಅವನಿಗೆ 18 ವರ್ಷ. ನಮ್ಮ ನಿಮ್ಮ ವಯಸ್ಸು! 1897ರ ಹೊತ್ತಿಗೆ 1ರಿಂದ 12ರವರೆಗೆ ನಂಬರ್ ಹಾಕಿ ಹನ್ನೆರಡು ಅಳತೆ ತಂದ.

ಇದರಲ್ಲಿ ಬೆನ್ನಿನ ಸ್ಪ್ರಿಂಗೇ ಇಲ್ಲ. ಅರ ಹಾಕಿ ಹೊಂದಿಸೋ ಆ ದುಬಾರಿ ಕೆಲಸಕ್ಕೆ ಪೂರ್ತಿ ಕತ್ತರಿ. ಮರದ ಹಿಡಿಗೆ ಒಂದು ಸೀಳು, ಅದರೊಳಗೆ ಅಲಗು, ಒಂದು ರಿವೆಟ್, ಮರ ಸೀಳದ ಹಾಗೆ ಒಂದು ಲೋಹದ ಬಳೆ. ಮುಗೀತು. 1955ರಲ್ಲಿ ಮಗ ಮಾರ್ಸೆಲ್ ಅದಕ್ಕೆ ತಿರುಗೋ ಇನ್ನೊಂದು ಬಳೆ ಸೇರಿಸಿದ. ತೆರೆದ ಮೇಲೆ ಬಳೆ ತಿರುಗಿಸಿದ್ರೆ ಅಲಗು ಬೀಗ. ಒಟ್ಟು ಐದು ಭಾಗ. ಆದ್ರೆ ಅಲಗಿಗೆ ಒಳ್ಳೇ ಉಕ್ಕು, ಸರಿಯಾದ ಹದ, ತೆಳ್ಳನೆಯ ಅಂಚು. ಕತ್ತರಿ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಜಗತ್ತಿನ ನೂರು ಸುಂದರ ವಸ್ತುಗಳ ಸಾಲಿಗೆ ಇದನ್ನ ಸೇರಿಸಿತು, ಪೋರ್ಶೆ ಕಾರಿನ ಜೊತೆಗೆ.

ಇದಕ್ಕೂ ಒಂದು ಕೊರತೆ ಇದೆ. ಬೀಚ್ ಮರದ ಹಿಡಿ ನೀರು ಕುಡಿದ್ರೆ ಉಬ್ಬಿ ಅಲಗನ್ನ ಕಚ್ಚಿ ಹಿಡಿಯುತ್ತೆ. ಸವಾಯ್ ಜನ ಅದಕ್ಕೂ ಉಪಾಯ ಕಂಡ್ಕೊಂಡಿದ್ದಾರೆ: ಹಿಡಿಯ ಹಿಂಬದಿಯನ್ನ ಮೇಜಿಗೆ ಟಪ್ ಅಂತ ಕುಟ್ಟಿದ್ರೆ ಅಲಗು ಸ್ವಲ್ಪ ಹೊರಗೆ ಬರುತ್ತೆ. ವಸ್ತುವಿನ ಕೊರತೆ ಗೊತ್ತಿದ್ರೆ ಅದರ ಜೊತೆ ಬಾಳಬಹುದು.

ಇಷ್ಟೇ ಸರಳವಾದದ್ದು ಜಪಾನಿನಲ್ಲೂ ಇದೆ. ಹ್ಯೋಗೊ ಪ್ರಾಂತದ ಮಿಕಿ ಊರಿನ ‘ಹಿಗೊನೊಕಾಮಿ’. 1890ರ ದಶಕದಲ್ಲಿ ಹುಟ್ಟಿದ್ದು. ಬಗ್ಗಿಸಿದ ತಗಡೇ ಹಿಡಿ, ಅಲಗಿನ ಬಾಲದಲ್ಲಿ ಹೆಬ್ಬೆರಳಿಂದ ಒತ್ತೋ ಒಂದು ಸಣ್ಣ ಕಡ್ಡಿ. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ. ಶಾಲೆ ಮಕ್ಕಳ ಪೆಟ್ಟಿಗೆಯಲ್ಲಿ ಪೆನ್ಸಿಲ್ ಚೂಪು ಮಾಡೋಕೆ ಇರ್ತಿತ್ತು. 1960ರ ಅಕ್ಟೋಬರಿನಲ್ಲಿ ರಾಜಕಾರಣಿ ಅಸಾನುಮಾ ಇನೆಜಿರೊ ಅವರನ್ನ 17ರ ಹುಡುಗನೊಬ್ಬ ವೇದಿಕೆ ಮೇಲೇ ಇರಿದು ಕೊಂದ. ಅವನು ಬಳಸಿದ್ದು ಗಿಡ್ಡ ಖಡ್ಗ, ಈ ಚಾಕು ಅಲ್ಲ. ಆದ್ರೂ ಮಕ್ಕಳ ಕೈಗೆ ಚಾಕು ಕೊಡಬಾರದು ಅನ್ನೋ ಚಳವಳಿ ಎದ್ದಿತು, ಪೆನ್ಸಿಲ್ ಶಾರ್ಪ್‌ನರ್‌ಗಳೂ ಬಂದ್ವು. ಮಿಕಿಯ ಕುಲುಮೆಗಳು ಒಂದೊಂದಾಗಿ ಆರಿದವು. ಇವತ್ತು ಆ ಹೆಸರಿಟ್ಟು ಮಾಡೋ ಹಕ್ಕಿರೋದು ಒಂದೇ ಮನೆತನಕ್ಕೆ.

(8/9) ಕೈಯಲ್ಲಿ ಹಿಡಿದು ನೋಡಿ
ಸರಿ, ಅಂಗಡಿಗೆ ವಾಪಸ್ ಬಂದ್ವಿ. ಚಾಕು ಕೈಯಲ್ಲಿದೆ. ಇದನ್ನ ಸೇವ್ ಮಾಡಿಟ್ಕೊಳ್ಳಿ.

ಒಂದು: ಮಡಚಿದ ಚಾಕುವನ್ನ ಮೇಲಿಂದ ನೋಡಿ. ಅಲಗು ಎರಡು ಪಕ್ಕೆಗಳ ನಡುವೆ ನೇರವಾಗಿ ಕೂತಿದೆಯಾ? ಒಂದು ಕಡೆ ವಾಲಿ ಉಜ್ಜುತ್ತಿದ್ರೆ ಬೇಡ. ಮೊನೆ ಪೂರ್ತಿ ಒಳಗಿರಬೇಕು, ಹೊರಗೆ ಇಣುಕಿದ್ರೆ ಜೇಬೂ ಹೋಯ್ತು, ಬೆರಳೂ ಹೋಯ್ತು.

ಎರಡು: ಸ್ಪ್ರಿಂಗ್ ಇರೋ ಚಾಕು ಆದ್ರೆ ಬೆನ್ನನ್ನ ಬೆಳಕಿಗೆ ಹಿಡೀರಿ. ಸ್ಪ್ರಿಂಗಿಗೂ ಪಕ್ಕೆಗೂ ನಡುವೆ ಬೆಳಕು ತೂರಿ ಬಂದ್ರೆ ಜೋಡಣೆ ಅವಸರದ್ದು.

ಮೂರು: ನಿಧಾನಕ್ಕೆ ತೆರೆಯಿರಿ, ಕಿವಿ ಕೊಡಿ. ಖಡಕ್ಕಾಗಿ ಟಕ್ ಅಂದು ನಿಂತ್ರೆ ಒಳ್ಳೇದು. ಮೆತ್ತಗೆ ಬಂದು ಕೂತ್ರೆ ಸ್ಪ್ರಿಂಗ್ ಸೋತಿದೆ. ಉಗುರು ಕಿತ್ತು ಬರುವಷ್ಟು ಬಿಗಿಯೂ ಗುಣ ಅಲ್ಲ.

ನಾಲ್ಕು: ತೆರೆದ ಅಲಗಿನ ಬೆನ್ನನ್ನ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಒಂಚೂರು ಆಡಿದ್ರೆ ರಿವೆಟ್ ಬಡಿದು ಬಿಗಿ ಮಾಡಬಹುದು. ಮೇಲೆ ಕೆಳಗೆ ಆಡಿದ್ರೆ ಬುಡವೇ ಸರಿಯಾಗಿ ಹೊಂದಿಲ್ಲ, ಅದಕ್ಕೆ ಸುಲಭದ ಔಷಧಿ ಇಲ್ಲ.

ಐದು: ಅಂಚನ್ನ ದೀಪದ ಕೆಳಗೆ ನಿಮ್ಮ ಕಡೆ ನೇರ ತಿರುಗಿಸಿ. ಚೂಪಾದ ಅಂಚು ಕಾಣೋದೇ ಇಲ್ಲ. ಬಿಳೀ ಗೆರೆ ಮಿಂಚಿದ್ರೆ ಅಲ್ಲಿ ಮೊಂಡು. ಆದ್ರೆ ಮೊಂಡು ದೊಡ್ಡ ದೋಷ ಅಲ್ಲ, ಸಾಣೆಕಲ್ಲು ಇದೆ. ಅಂಚಿನ ಹಿಂದೆ ಅಲಗು ದಪ್ಪಗಿದ್ಯಾ ನೋಡಿ. ದಪ್ಪ ಇದ್ರೆ ಎಷ್ಟು ಚೂಪು ಮಾಡಿದ್ರೂ ಸೇಬು ಕೊಯ್ಯಲ್ಲ, ಸೀಳುತ್ತೆ.

ಆರು: ಹದ. ಇದು ಅಂಗಡಿಯಲ್ಲಿ ಗೊತ್ತಾಗಲ್ಲ. ಮನೆಯಲ್ಲಿ ಚೂಪು ಮಾಡಿ ಒಂದಿಷ್ಟು ರಟ್ಟು ಕೊಯ್ದು ಅಂಚು ನೋಡಿ. ಬಾಗಿ ಮಡಚಿಕೊಂಡಿದ್ರೆ ಹದ ಮೆದು. ಚಕ್ಕೆ ಎದ್ದಿದ್ರೆ ಹದ ಗಡಸು. ಎರಡೂ ಇಲ್ಲದಿದ್ರೆ ನಿಮ್ಮ ದುಡ್ಡು ಸಾರ್ಥಕ.

ತುಕ್ಕು ಬಗ್ಗೆ ಒಂದು ಮಾತು. ಕಾರ್ಬನ್ ಉಕ್ಕಿನ ಅಲಗು ನಿಂಬೆಹಣ್ಣು ಕೊಯ್ದ್ರೆ ಕಪ್ಪಾಗುತ್ತೆ. ಅದು ಕಳಪೆಯ ಗುರುತಲ್ಲ. ಒರೆಸಿ, ಒಂದು ಹನಿ ಎಣ್ಣೆ ಸವರಿಟ್ರೆ ಸಾಕು. ಸ್ಟೇನ್‌ಲೆಸ್ ಅಂತ ಬರೆದ ಮಾತ್ರಕ್ಕೆ ಹದ ಚೆನ್ನಾಗಿದೆ ಅಂತಲೂ ಅಲ್ಲ.

ಇನ್ನೊಂದು: ಇದು ಹಣ್ಣು, ಹಗ್ಗ, ಪೆನ್ಸಿಲ್ಲಿನ ಸಾಮಾನು. ಕಾಲೇಜಿಗೆ, ಮೆಟ್ರೋಗೆ, ವಿಮಾನದ ಕೈಚೀಲಕ್ಕೆ ಹಾಕ್ಕೊಂಡು ಹೋಗಬೇಡಿ.

(9/9)
ಎಲ್ಲ ಒಟ್ಟಿಗೆ ಇಟ್ಟು ನೋಡಿ. ಬಾರ್ಲೋ ಮಾಡಿದವರು ಅಂದಕ್ಕೆ ಕತ್ತರಿ ಹಾಕಿದ್ರು. ಒಪಿನೆಲ್ ಬಿಡಿಭಾಗಕ್ಕೆ ಹಾಕಿದ. ನಕಲಿ ಮಾಡಿದವರು ಮಾನಕ್ಕೇ ಹಾಕಿದ್ರು. ಶೆಫೀಲ್ಡ್‌ನ ಸಾಣೆಮನೆ ಮನುಷ್ಯನ ಉಸಿರಿಗೆ ಹಾಕಿತು. ನಾಲ್ಕೂ ಕಡೆ ಕೊಳ್ಳುವವನ ಕೈಗೆ ಬಂದದ್ದು ಅಗ್ಗದ ಚಾಕುವೇ. ಆದ್ರೆ ನಾಲ್ಕೂ ಒಂದೇ ಅಲ್ಲ.

ಬಡವರ ಕೈಯಲ್ಲಿರೋ ಸಾಮಾನಿಗೆ ಇತಿಹಾಸ ಇಲ್ಲ ಅಂತ ನಾವು ಅಂದ್ಕೊಂಡಿರ್ತೀವಿ. ರಾಜನ ಖಡ್ಗ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತೆ, ಟಿಕೆಟ್ ತಗೊಂಡು ನೋಡ್ತೀವಿ. ಆದ್ರೆ ಆ ಖಡ್ಗವನ್ನ ಸೇವಕರು ಜೋಪಾನ ಮಾಡ್ತಿದ್ರು, ಎಷ್ಟೋ ಖಡ್ಗ ಒಂದು ದಿನವೂ ಕೆಲಸ ಮಾಡಿಲ್ಲ. ರೈತನ ಜೇಬುಚಾಕು ದಿನಾ ಕೆಲಸ ಮಾಡಿದೆ. ಅದನ್ನ ಕೊಳ್ಳುವಾಗ ಅವನು ಹತ್ತು ಸಲ ತಿರುಗಿಸಿ ನೋಡಿದ್ದಾನೆ, ಯಾಕಂದ್ರೆ ಮೋಸ ಹೋದ್ರೆ ಇನ್ನೊಂದು ಕೊಳ್ಳೋಕೆ ಅವನ ಹತ್ರ ದುಡ್ಡಿಲ್ಲ. ಗುಣ ಪರೀಕ್ಷೆ ಅನ್ನೋದು ಶ್ರೀಮಂತರ ಶೋಕಿಯಲ್ಲ. ದುಡ್ಡು ಕಡಿಮೆ ಇದ್ದಷ್ಟೂ ಅದು ಜಾಸ್ತಿ ಬೇಕು.

ಮುಂದಿನ ಸಲ ಯಾವುದಾದ್ರೂ ಅಗ್ಗದ ಸಾಮಾನು ಕೈಗೆ ಬಂದಾಗ, ಚಾಕುವೇ ಆಗಬೇಕಿಲ್ಲ, ಛತ್ರಿ ಇರಲಿ, ಚಪ್ಪಲಿ ಇರಲಿ, ಒಂದು ನಿಮಿಷ ತಿರುಗಿಸಿ ನೋಡಿ. ಎಲ್ಲಿ ಕತ್ತರಿ ಹಾಕಿದ್ದಾರೆ ಅಂತ ಕೇಳಿ.

ನಿಮ್ಮ ಮನೆಯ ಡಬ್ಬಿಯಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ಹಳೇ ಮಡಚುವ ಚಾಕು ಇದ್ಯಾ? ಅಲಗಿನ ಬುಡದಲ್ಲಿ ಏನು ಮುದ್ರೆ ಇದೆ ನೋಡಿ, ಕಾಮೆಂಟಲ್ಲಿ ಬರೀರಿ. ಹುಷಾರು, ಬೆರಳು ಜೋಪಾನ.

#ಸಾಮಾನಿನ_ಇತಿಹಾಸ #ಜೇಬುಚಾಕು #ಉಕ್ಕು #ಹದ #ಕನ್ನಡದಲ್ಲಿ_ಇತಿಹಾಸ